ತಾಳಿ ಮಾರಿ ತಿದ್ದಿಸಿದ ರೈಫಲ್

ಶಿರಸಿಯ ಹೊರಗಿನ ಗುರಿ ಮೈದಾನದಲ್ಲಿ ಒಂದು ದಿನ ನಾನು ನನ್ನ ಗಂಡನಿಗಿಂತ ಚೆನ್ನಾಗಿ ಹೊಡೆದೆ. ಅವನದೇ ರೈಫಲ್, ಅವನದೇ ಕಾಡತೂಸು. ಮದುವೆಯಾದಾಗಿನಿಂದ ಅದರ ಪೆಟ್ಟಿಗೆ ಹೊತ್ತವಳು, ನಳಿಗೆಗೆ ಎಣ್ಣೆ ಹಾಕಿ ಒರೆಸಿದವಳು ನಾನು. ಅವನು ಬೋರಲು ಮಲಗಿ ಹೊಡೆಯುವಾಗ ಹಿಂದೆ ನಿಂತು ತೂತು ಎಲ್ಲಿ ಬಿತ್ತೆಂದು ಹೇಳುತ್ತಿದ್ದವಳೂ ನಾನೇ. ಆ ದಿನ ಅವನ ಗೆಳೆಯರ ಒತ್ತಾಯಕ್ಕೆ ನಾನೂ ಮಲಗಿದೆ. ಆಮೇಲೆ ಇಬ್ಬರ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟರು. ನನ್ನ ತೂತುಗಳೆಲ್ಲ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದಿದ್ದವು.

"ಹೆಂಡ್ತಿ ಕೈಲಿ ಸೋತ್ಯಲ್ಲೋ ಮಾರಾಯಾ," ಎಂದು ಗೆಳೆಯರು ನಕ್ಕರು.

ಅವನು ನಗಲಿಲ್ಲ. "ಹೊಡೆದದ್ದು ನನ್ನ ರೈಫಲ್. ಅವಳಲ್ಲ," ಎಂದು ಹೇಳಿ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

ನಮ್ಮ ಮದುವೆ ಮುರಿದದ್ದು ಆ ಮಾತಿಗಲ್ಲ. ಅದಕ್ಕೆ ಬೇರೆ ಕಾರಣಗಳಿದ್ದವು, ಅವನ್ನೆಲ್ಲ ಕೋರ್ಟಿನಲ್ಲಿ ಹೇಳಿ ಮುಗಿಸಿದ್ದೇನೆ. ಆದರೆ ಆ ಮಾತಿನಷ್ಟು ಜೋಪಾನವಾಗಿ ಬೇರೆ ಯಾವುದನ್ನೂ ಇಟ್ಟುಕೊಂಡಿಲ್ಲ.

ಯಲ್ಲಾಪುರಕ್ಕೆ ಬಂದು ಹೊಲಿಗೆ ಅಂಗಡಿ ಹಾಕಿದೆ. ನಂದೊಳ್ಳಿಯ ತವರಿನಲ್ಲಿ ಅಪ್ಪಯ್ಯನ ಕಾಲದ ಒಂದು ಪಾಯಿಂಟ್ ಟೂಟೂ ರೈಫಲ್ ಇತ್ತು. ಅಪ್ಪಯ್ಯ ತೀರಿಕೊಂಡ ಮೇಲೆ ಅದರ ಲೈಸೆನ್ಸು ನನ್ನ ಹೆಸರಿಗಾಗಿತ್ತು. ಕಾಡತೂಸಿನ ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುವ ಸಣ್ಣ ಜಾತಿಯ ಬಂದೂಕು, ಭುಜಕ್ಕೆ ಒದೆಯುವುದೂ ಇಲ್ಲ. ಗಂಡ ಅದನ್ನು ಒನಕೆ ಎಂದೇ ಕರೆಯುತ್ತಿದ್ದ. ಆ ಒನಕೆಯಿಂದಲೇ ಅವನನ್ನು ಸೋಲಿಸಬೇಕೆಂದು ನಿಶ್ಚಯಿಸಿದೆ.

ಹುಬ್ಬಳ್ಳಿಯ ಬಂದೂಕಿನ ಅಂಗಡಿಗೆ ಒಯ್ದು ತೋರಿಸಿದಾಗ ಅಲ್ಲಿನ ಮಿಸ್ತ್ರಿ ಬೋಲ್ಟನ್ನು ಹಿಂದೆ ಮುಂದೆ ಎಳೆದು ನೋಡಿದರು. "ಅಕ್ಕಾರ, ಈ ಬಂದೂಕಿನ ಬೆಲಿಗಿಂತ ನೀವು ಹಾಕ್ಸೋ ಸಾಮಾನಿನ ಬೆಲೀನೇ ಜಾಸ್ತಿ ಆಕ್ಕೈತ್ರಿ. ಹೊಸಾದ ತಗೋರಿ," ಎಂದರು.

"ಹೊಸದು ಬೇಡ. ಇದನ್ನೇ ಸರಿಮಾಡಿ ಕೊಡಿ," ಎಂದೆ.

ಹೊಸದನ್ನು ತೆಗೆದುಕೊಂಡರೆ, ಹೊಡೆದದ್ದು ರೈಫಲ್, ಅವಳಲ್ಲ ಎಂಬ ಅದೇ ಮಾತನ್ನು ಮತ್ತೆ ಕೇಳಬೇಕಾಗುತ್ತಿತ್ತು.

ಹಣಕ್ಕೆ ಮದುವೆಯ ಒಡವೆಗಳಿದ್ದವು. ಅತ್ತೆಮನೆಯವರು ಹಾಕಿದ್ದನ್ನು ಅವರು ವಾಪಸು ಕೇಳಲಿಲ್ಲ, ನಾನೂ ಕೊಡಲಿಲ್ಲ. ಮೊದಲು ಬಳೆಗಳನ್ನು ಮಾರಿ ದೊಡ್ಡದೊಂದು ದುರ್ಬೀನು ಹಾಕಿಸಿದೆ. ಅದು ಶುದ್ಧ ತಪ್ಪು. ಗುರಿ ಹಲಗೆ ಅಂಗೈಯಷ್ಟು ಹತ್ತಿರ ಕಾಣತೊಡಗಿತು, ಜೊತೆಗೆ ನನ್ನ ನಡುಕವೂ ಅಷ್ಟೇ ದೊಡ್ಡದಾಗಿ ಕಂಡಿತು. ಟ್ರಿಗರ್ ಎಷ್ಟು ಬಿಗಿಯಾಗಿತ್ತೆಂದರೆ ಅದನ್ನು ಎಳೆಯುವಷ್ಟರಲ್ಲಿ ನಳಿಗೆ ಪಕ್ಕಕ್ಕೆ ಸರಿಯುತ್ತಿತ್ತು. ಬಳೆಗಳು ದಂಡವಾದವಲ್ಲ ಎಂದು ಒಂದು ವಾರ ಪೇಚಾಡಿದೆ. ಆಮೇಲೆ ಕಿವಿಯೋಲೆ ಮಾರಿ ಹುಬ್ಬಳ್ಳಿಯವರಿಂದಲೇ ಹೊಸ ಟ್ರಿಗರ್ ಕೂರಿಸಿಕೊಂಡೆ. ಬೆರಳು ತಾಗಿಸಿದರೆ ಸಾಕು, ಗಾಜು ಒಡೆದ ಹಾಗೆ ಹಗುರವಾಗಿ ಬಿಡುವಂಥದ್ದು.

ಆದರೂ ಗುಂಡುಗಳು ಬಲಕ್ಕೇ ಹೋಗುತ್ತಿದ್ದವು. ಒಂದು ಮಧ್ಯಾಹ್ನ ನನ್ನ ಹೊಲಿಗೆ ಅಂಗಡಿಯ ದೊಡ್ಡ ಕನ್ನಡಿಯ ಮುಂದೆ ಖಾಲಿ ರೈಫಲ್ ಹಿಡಿದು ನಿಂತೆ. ಆಗ ತಿಳಿಯಿತು. ಬೇರೆಯವರ ಅಂಗಿ ತೊಟ್ಟ ಹಾಗೆ ಕಾಣುತ್ತಿದ್ದೆ. ಭುಜಕ್ಕೆ ಕೊಡುವ ಹಿಂದಿನ ಮರ ಗಂಡಸಿನ ತೋಳಿಗೆ ಮಾಡಿದ್ದು. ನನಗೆ ಅದು ಉದ್ದವಾಗಿ ಕೈ ಎಳೆದಂತಾಗುತ್ತಿತ್ತು, ಕೆನ್ನೆಗೆ ಆಸರೆಯೂ ಇರಲಿಲ್ಲ. ಟೇಪು ತೆಗೆದುಕೊಂಡು ರವಿಕೆಗೆ ತೋಳಿನ ಅಳತೆ ತೆಗೆಯುವ ಹಾಗೆ ನನ್ನದೇ ಅಳತೆ ತೆಗೆದೆ.

ರೈಫಲನ್ನು ಬಿಚ್ಚಿ, ಕಬ್ಬಿಣದ ಭಾಗವನ್ನೆಲ್ಲ ಮನೆಯ ಕಪಾಟಿನಲ್ಲಿ ಬೀಗ ಹಾಕಿಟ್ಟು, ಬರೀ ಮರವನ್ನು ಚೀಲದಲ್ಲಿ ಹಾಕಿಕೊಂಡು ಶಿರಸಿಗೆ ಹೋದೆ. ಅಲ್ಲಿ ಮರ ಕೆತ್ತುವವರೊಬ್ಬರು ಅದೇ ಅಳತೆಗೆ ಸಾಗವಾನಿಯಲ್ಲಿ ಹೊಸದನ್ನು ಮಾಡಿಕೊಟ್ಟರು. ಗಿಡ್ಡ ಹಿಂಭಾಗ, ನನ್ನ ಕೆನ್ನೆಯ ಎಲುಬಿಗೆ ಸರಿಯಾಗಿ ಕೂರುವ ಉಬ್ಬು. ಧಾರೆಯಲ್ಲಿ ಬಂದ ಬೆಳ್ಳಿ ಹರಿವಾಣವೂ ತಂಬಿಗೆಯೂ ಅದಕ್ಕೆ ಹೋದವು.

ಉಳಿದದ್ದು ತಾಳಿ ಮತ್ತು ಕರಿಮಣಿ ಸರ. ಒಳ್ಳೆಯ ಕಾಡತೂಸು ಬೇಕಿತ್ತು. ಒಂದೊಂದು ರೈಫಲಿಗೆ ಒಂದೊಂದು ಕಂಪನಿಯದು ಒಗ್ಗುತ್ತದೆ, ಎಲ್ಲವನ್ನೂ ಹೊಡೆದು ನೋಡದೆ ಯಾವುದು ಒಗ್ಗೀತೆಂದು ತಿಳಿಯುವುದಿಲ್ಲ. ಅದು ಟ್ರಿಗರಿಗಿಂತ ದುಬಾರಿಯ ಕೆಲಸ. ಸರವನ್ನು ಪರ್ಸಿಗೆ ಹಾಕಿಕೊಳ್ಳುವುದನ್ನು ನಂದೊಳ್ಳಿಯಿಂದ ಬಂದಿದ್ದ ಆಯಿ, ನನ್ನ ತಾಯಿ, ನೋಡಿದಳು.

"ಕೂಸೇ, ನಿಂಗೆ ಬುದ್ಧಿ ಇದ್ದಾ? ತಾಳಿ ಮಾರಿ ಗುಂಡು ತಗಂಬದಾ? ಜನ ಎಂತ ಹೇಳ್ತ?"

"ಕಟ್ಟಿದವನೇ ಇಲ್ಲೆ ಆಯಿ. ಅವ ಕಟ್ಟಿದ್ದನ್ನ ಇಟ್ಗಂಡು ಎಂತ ಮಾಡ್ಲಿ?"

"ಆನು ಇಂಥದ್ದ ಎಲ್ಲೂ ಕಂಡಿದ್ನಿಲ್ಲೆ," ಎಂದು ಆಯಿ ಒಳಗೆ ಹೋದಳು. ನಾನು ಸರವನ್ನು ಮಾರಿ ನಾಲ್ಕಾರು ಕಂಪನಿಗಳ ಕಾಡತೂಸು ತಂದೆ.

ಚಳಿಗಾಲದ ಒಂದು ಭಾನುವಾರ ಅದೇ ಮೈದಾನದಲ್ಲಿ ಸ್ಪರ್ಧೆ ಇತ್ತು. ಅವನೂ ಬಂದಿದ್ದ. ನನ್ನನ್ನು ಕಂಡು ತಲೆ ಆಡಿಸಿದ, ಹಳೆಯ ಪರಿಚಯದವರಿಗೆ ಆಡಿಸುವಂತೆ. ನಾನು ಚಾಪೆ ಹಾಸಿ ಮಲಗಿದೆ. ಉಸಿರು ಅರ್ಧ ಬಿಟ್ಟು ಹಿಡಿದಾಗಲೆಲ್ಲ ಅವನು ಹಾಳೆ ಮಡಚಿ ಜೇಬಿಗಿಟ್ಟುಕೊಂಡದ್ದು ಕಣ್ಣಿಗೆ ಬರುತ್ತಿತ್ತು. ಕೋಪ ಬಂದರೆ ಕೈ ನಡುಗುತ್ತದೆ ಎನ್ನುತ್ತಾರೆ. ನನ್ನ ಕೋಪ ಹಳೆಯದಾಗಿ ಗಟ್ಟಿಯಾಗಿತ್ತು, ಅದರ ಮೇಲೆ ಮೊಣಕೈ ಊರಬಹುದಿತ್ತು.

ನಾನು ಮೂರನೆಯವಳಾದೆ. ಮೊದಲಿಬ್ಬರು ಯಾರೆಂದು ಈಗ ನೆನಪಿಲ್ಲ. ಅವನು ನಾಲ್ಕನೆಯವನು.

ಚಹಾ ಕುಡಿಯುವಾಗ ಅವನು ಎಲ್ಲರಿಗೂ ಕೇಳುವ ಹಾಗೆ, "ಟ್ರಿಗರ್ ಬೇರೆ, ಮರ ಬೇರೆ, ದುರ್ಬೀನು ಬೇರೆ. ಇಷ್ಟು ದುಡ್ಡು ಸುರಿದ್ರೆ ಒನಕೆನೂ ಗುರಿ ಹೊಡೀತದೆ," ಎಂದ.

ಯಾರೋ ನಕ್ಕರು. ನಾನು ಲೋಟ ಕೆಳಗಿಟ್ಟು, ಮೈದಾನ ನೋಡಿಕೊಳ್ಳುವ ನಿವೃತ್ತ ಸೈನಿಕರೊಬ್ಬರ ಹತ್ತಿರ ಹೋಗಿ, "ಇವರಿಗೆ ನನ್ನ ರೈಫಲಿನಲ್ಲಿ ಐದು ಗುಂಡು ಹೊಡೆಯಲು ಬಿಡ್ತೀರಾ?" ಎಂದು ಕೇಳಿದೆ. ತಮ್ಮ ಎದುರಿಗೇ ಆದರೆ ಆಗಬಹುದು ಎಂದರು. ನಾನು ಅವನ ಕಡೆ ತಿರುಗಿದೆ.

"ತಗ. ನೀನೇ ಹೊಡಿ."

ಮದುವೆಯಾದಂದಿನಿಂದ ನಾನು ಅವನಿಗೆ 'ನೀವು' ಎಂದವಳು. 'ನೀನು' ಎಂದದ್ದು ಅದೇ ಮೊದಲು. ಅವನ ಮುಖ ಕೆಂಪಾಯಿತು. ಎಲ್ಲರೂ ನೋಡುತ್ತಿದ್ದರು, ಬೇಡವೆನ್ನುವಂತಿರಲಿಲ್ಲ.

ಅವನು ನನಗಿಂತ ಒಂದು ತಲೆ ಎತ್ತರ. ಮಲಗಿ ರೈಫಲನ್ನು ಭುಜಕ್ಕೆ ಕೊಟ್ಟಾಗ ಮೊಣಕೈ ಮಡಚಿ ಪಕ್ಕೆಗೆ ಒತ್ತಿಕೊಂಡಿತು. ಕೆನ್ನೆಯ ಉಬ್ಬು ಅವನ ದವಡೆಗೆ ಚುಚ್ಚುತ್ತಿತ್ತು. ಕಣ್ಣು ದುರ್ಬೀನಿಗೆ ತೀರ ಹತ್ತಿರವಾಗಿ, ಕತ್ತನ್ನು ಆಮೆಯಂತೆ ಹಿಂದಕ್ಕೆಳೆದುಕೊಂಡ. ಬೆರಳು ತಾಗಿಸಿದ್ದೇ ತಡ, ಅವನಿನ್ನೂ ಗುರಿ ಹಿಡಿಯುವ ಮೊದಲೇ ಗುಂಡು ಹಾರಿ ಹಿಂದಿನ ಮಣ್ಣಿನ ದಿಬ್ಬಕ್ಕೆ ಬಿತ್ತು. ಮತ್ತೆ ಹೊರಳಾಡಿದ. ಉಳಿದ ನಾಲ್ಕು ಗುಂಡುಗಳು ಹಾಳೆಯ ನಾಲ್ಕು ದಿಕ್ಕಿಗೆ ಹೋದವು. ಮೊದಲು ಒಬ್ಬರು ಕೆಮ್ಮಿದರು, ಆಮೇಲೆ ಎಲ್ಲರೂ ನಕ್ಕರು.

ಅವನು ಎದ್ದು ಮೊಣಕಾಲಿನ ಮಣ್ಣು ಝಾಡಿಸಿಕೊಂಡ. "ಈ ಮರ ಗಿಡ್ಡ ಇದ್ದು," ಎಂದ.

"ಹೌದು. ನನ್ನ ಅಳತೆಗೆ ಮಾಡ್ಸಿದ್ದು."

ಹಾಗಾಗುತ್ತದೆಂದು ಕೊಡುವಾಗಲೇ ನನಗೆ ಗೊತ್ತಿತ್ತು. ಅವನಿಗೆ ಅದು ಕೂರುವುದಿಲ್ಲ, ಆ ಟ್ರಿಗರ್ ಅವನಿಗೆ ಹೊಸದು, ಮೊದಲೇ ಹೇಳಬಹುದಿತ್ತು. ಹೇಳಲಿಲ್ಲ. ಅನ್ಯಾಯ ಎನ್ನುವವರು ಎನ್ನಲಿ.

ಸೇಡು ತೀರಿದ ಮೇಲೆ ಮನಸ್ಸು ಬರಿದಾಗುತ್ತದೆ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗೇನೂ ಆಗಲಿಲ್ಲ. ಯಲ್ಲಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಒಬ್ಬಳೇ ನಗುತ್ತ ಬಂದೆ. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಸ್ವಲ್ಪ ಆಚೆ ಸರಿಸಿಕೊಂಡಳು.

ಅವನು ಆಮೇಲೆ ಬಹಳ ಕಾಲ ಮೈದಾನಕ್ಕೆ ಬರಲಿಲ್ಲ. ಅವನಿಲ್ಲದ ಭಾನುವಾರಗಳಲ್ಲಿ ನನ್ನ ಗುಂಡುಗಳು ಹರಡಿಕೊಳ್ಳುತ್ತಿದ್ದವು. ಅದು ನಿಜ, ಮುಚ್ಚಿಡುವುದಿಲ್ಲ. ಕಳೆದ ತಿಂಗಳು ಅವನು ಹೊಸ ವಿದೇಶಿ ರೈಫಲಿಗೆ ಅರ್ಜಿ ಹಾಕಿದ್ದಾನೆಂಬ ಸುದ್ದಿ ಬಂತು. ಮರುದಿನವೇ ಮೈದಾನಕ್ಕೆ ಹೋದೆ. ಗುಂಡುಗಳು ಮತ್ತೆ ಒಂದೇ ಕಡೆ ಬಿದ್ದವು.

ನಂದೊಳ್ಳಿಗೆ ಹೋದಾಗ ಆಯಿಗೆ ಈ ಸುದ್ದಿ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಬದಿಗಿಟ್ಟಳು.

"ಬರ್ಲಿ ಬಿಡು," ಎಂದಳು. ಆಮೇಲೆ, "ಅವ ಅಲ್ಲಿ ಹೊರಳಾಡಿದ್ದು ಹ್ಯಾಂಗೆ, ಮತ್ತೊಂದ್ಸಲ ಹೇಳು," ಎಂದು ನನ್ನ ಹತ್ತಿರಕ್ಕೆ ಸರಿದು ಕೂತಳು.