ಗಂಧ ಮೊದಲು, ಮಾತ್ರೆ ಆಮೇಲೆ

ಮೊನ್ನೆ ನೆರೆಮನೆಯ ಅಕ್ಕನ ತಮ್ಮ ಮನೆದೈವದ ವರ್ಷದ ನೇಮದ ಪ್ರಸಾದ ತಂದುಕೊಟ್ಟರು. ಬಾಳೆಲೆಯ ತುಂಡು ಬಿಡಿಸಿದೆ. ಒದ್ದೆ ಗಂಧ, ಅಡಿಕೆ ಹಿಂಗಾರದ ಎಸಳು. ಆ ಪರಿಮಳ ಮೂಗಿಗೆ ಬಡಿದದ್ದೇ ತಡ, ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರು ನಿಂತಂತಾಯಿತು...

ನಾನು ಮದುವೆಯಾಗಿ ನರಿಕೊಂಬಿಗೆ ಬಂದದ್ದು ಅರವತ್ತರ ದಶಕದ ಆರಂಭದಲ್ಲಿ. ಆಗ ಅಕ್ಕನ ಈ ತಮ್ಮನ ಮನಸ್ಸು ಸ್ತಿಮಿತ ತಪ್ಪಿತ್ತು. ನಿದ್ದೆಯಿಲ್ಲ, ಸ್ನಾನವಿಲ್ಲ; ಅನ್ನಕ್ಕೆ ಯಾರೋ ವಿಷ ಹಾಕಿದ್ದಾರೆಂದು ಬಟ್ಟಲು ಎಸೆಯುತ್ತಿದ್ದರು. ಕೈಗೆ ಮಂತ್ರಿಸಿದ ನೂಲು ಕಟ್ಟಿಸಿದರು, ಹರಕೆ ಹೇಳಿದರು. ಘಟ್ಟದ ಬುಡದಿಂದ ಬಂದ ಮಂತ್ರವಾದಿಯೊಬ್ಬ ಬೆತ್ತದಲ್ಲಿ ಹೊಡೆದು ಬೆನ್ನ ತುಂಬ ಬಾಸುಂಡೆ ಎಬ್ಬಿಸಿ ಹೋದ. ಮಂಗಳೂರಿನ ಡಾಕ್ಟರ ಹೆಸರೆತ್ತಿದರೆ ಮನೆಯ ಯಜಮಾನ, ಅವರ ಸೋದರಮಾವನದು ಒಂದೇ ಮಾತು: ದೈವ ಮುನಿಯುತ್ತದೆ.

ನೇಮದ ರಾತ್ರಿ ವೇಷ ಕಟ್ಟಿದವರ ಮೈಮೇಲೆ ಬರುವ ದೈವದೆದುರು ಮಾತಾಡುವುದು ಗಂಡಸರ ಕೆಲಸ. ನಾವು ಹೆಂಗಸರು ಬದಿಯಲ್ಲಿ ಕೈಮುಗಿದು ನಿಲ್ಲಬೇಕು. ಆ ವರ್ಷದ ನೇಮದಲ್ಲಿ ಪ್ರಸಾದದ ಹೊತ್ತಿಗೆ ಅಕ್ಕ ನೇರ ದೈವದ ಮುಂದೆ ಹೋದರು. ಸೋದರಮಾವ ಕಣ್ಣಲ್ಲೇ ಗದರಿದರು. ಅಕ್ಕ ಆ ಕಡೆ ನೋಡಲೇ ಇಲ್ಲ.

"ನೂಲು ಕಟ್ಟಿದ್ದಾಯಿತು, ಹರಕೆ ಹೇಳಿದ್ದಾಯಿತು. ಇನ್ನು ತಮ್ಮನನ್ನು ಡಾಕ್ಟರಲ್ಲಿಗೆ ಕರ್ಕೊಂಡು ಹೋಗ್ತೇನೆ. ಬೇಡ ಅಂತ ಉಂಟಾದರೆ ನೀನೇ ಹೇಳಬೇಕು, ಇವರಲ್ಲ."

ವಾದ್ಯ ಕೂಡ ನಿಂತಿತು. ದೈವ ಅವರನ್ನೇ ನೋಡಿ, ಅವರ ಅಂಗೈಗೆ ಗಂಧ ಹಾಕಿತು.

"ಕರ್ಕೊಂಡು ಹೋಗು. ಆ ಮದ್ದಿನಲ್ಲಿಯೂ ನಾನಿದ್ದೇನೆ."

ಅಷ್ಟು ಮಂದಿ ಮೀಸೆಯವರು ಕೈಕಟ್ಟಿ ನಿಂತವರು ನಿಂತೇ ಇದ್ದರು!

ಆಸ್ಪತ್ರೆಯಲ್ಲಿ ಆ ತಮ್ಮ, ಮಾತ್ರೆಯನ್ನೂ ವಿಷವೆಂದು ಉಗಿದರಂತೆ. ಅಕ್ಕ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದ ಪ್ರಸಾದದ ಪೊಟ್ಟಣ ಬಿಚ್ಚಿ ಅವರ ಹಣೆಗೆ ಆ ಗಂಧ ಹಚ್ಚಿ, "ಅಪ್ಪಣೆ ಆಗಿದೆ, ನುಂಗು" ಎಂದರು. ನುಂಗಿದರು. ಆಮೇಲೆ ಪ್ರತಿ ಸಲವೂ ಹಾಗೆಯೇ: ಮೊದಲು ಗಂಧ, ಅಕ್ಕನ ಆ ಮಾತು, ಮತ್ತೆ ಮಾತ್ರೆ. ಕೈಯ ನೂಲು ಕತ್ತರಿಸಲು ಬಂದ ಕಂಪೌಂಡರಲ್ಲಿ, "ಅದು ಅದರಷ್ಟಕ್ಕೆ ಇರಲಿ ಮಾರಾಯ್ರೇ, ನಿಮ್ಮ ಮಾತ್ರೆಗೆ ಏನು ಅಡ್ಡ ಬರ್ತದೆ?" ಎಂದು ಕೇಳಿದ್ದನ್ನು ಅಕ್ಕನೇ ನಗುತ್ತ ಹೇಳಿದ್ದರು.

ಮರುವರ್ಷದ ನೇಮದಲ್ಲಿ ಆ ತಮ್ಮ ಮಿಂದು, ಬಿಳಿ ಮುಂಡು ಉಟ್ಟು, ಮನೆಯವರ ಪರವಾಗಿ ತಾವೇ ದೈವದೆದುರು ಮಾತಾಡಿದರು. ಅಕ್ಕ ಹೆಂಗಸರ ಸಾಲಿನಲ್ಲಿದ್ದರು, ಏನೂ ನಡೆದೇ ಇಲ್ಲದವರ ಹಾಗೆ. ಅವರ ಪಕ್ಕದಲ್ಲಿ ನಿಂತವಳು ನಾನು ಎಂಬ ಹೆಮ್ಮೆ ನನಗೆ ಈಗಲೂ ಇದೆ.

ಅಕ್ಕ ತೀರಿಕೊಂಡ ಮೇಲೆ ಇದು ಮೊದಲ ನೇಮ. ಮೊನ್ನೆ ನಮ್ಮಲ್ಲಿ ಊಟವಾದ ಮೇಲೆ ಅಕ್ಕನ ತಮ್ಮ ಜೇಬಿನಿಂದ ಮಾತ್ರೆ ತೆಗೆದರು. ಹಣೆಗೆ ಗಂಧ ಹಚ್ಚಿಕೊಂಡರು. ಆಮೇಲೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಮುಖ ನೋಡಿದರು.

"ಅಪ್ಪಣೆ ಆಗಿದೆ, ನುಂಗಿ" ಎಂದೆ.