ತೊಗಟೆಯ ಅಚ್ಚಿನಲ್ಲಿ ಐದು ಗೂಟ

ವಿಮಾನ ಕಾರ್ಖಾನೆಯ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಜೇಡಿಮಣ್ಣಿನ ಕೆಲಸ ಕಲಿಯಲು ಹೋದೆ. ಇಂದಿರಾನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ ನನ್ನ ಮಗಳ ವಯಸ್ಸಿನ ಟೀಚರೊಬ್ಬರು ಸೆರಾಮಿಕ್ ಸ್ಟುಡಿಯೋ ನಡೆಸುತ್ತಿದ್ದರು. ಬಟ್ಟಲು, ಹೂಜಿ ನನಗೆ ಒಗ್ಗಲಿಲ್ಲ. ಒಗ್ಗಿದ್ದು ಮರದ ತೊಗಟೆ. ಮಣ್ಣನ್ನು ದಪ್ಪ ರೊಟ್ಟಿಯ ಹಾಗೆ ಲಟ್ಟಿಸಿ, ಮರಕ್ಕೆ ಒತ್ತಿ, ಮೆಲ್ಲಗೆ ಬಿಡಿಸಿಕೊಂಡರೆ ಅದರ ಬಿರುಕು, ಗಂಟು ಎಲ್ಲ ಅಚ್ಚಾಗಿ ಬರುತ್ತಿದ್ದವು. ಆ ಮಣ್ಣಿನ ಹಾಳೆಯನ್ನು ಗೂಡಿನಲ್ಲಿ ಸುಟ್ಟು, ಹಲಗೆಯ ಮೇಲೆ ಸುಣ್ಣದ ಗಾರೆ, ಗೋಣಿನಾರು, ಒಣಗಿದ ಬೀಜಗಳ ಜೊತೆ ಕೂರಿಸಿ, ಗೋಡೆಗೆ ತೂಗುಹಾಕುವಂಥ ಚಿತ್ರ ಮಾಡುತ್ತಿದ್ದೆ. ಮೂವತ್ತು ವರ್ಷ ತಗಡನ್ನು ನುಣುಪು ಮಾಡಿದ್ದ ನನ್ನ ಕೈಗೆ ಒರಟು ಹಿಡಿಸಿಬಿಟ್ಟಿತ್ತು.

ಮನೆ ವಿಮಾನಪುರದಲ್ಲಿ. ಬೆಳಗಿನ ವಾಕಿಂಗ್ ಕಗ್ಗದಾಸಪುರದ ಕಡೆಗೆ. ಅಲ್ಲಿ ಒಂದು ಓಣಿಯಲ್ಲಿ, ಬಾಡಿಗೆ ಮನೆಗಳ ನಡುವೆ, ಒಂದು ಖಾಲಿ ಜಾಗ ಮತ್ತು ಅದರ ಮಧ್ಯೆ ಹಳೆಯ ಹುಣಸೆ ಮರ ಇತ್ತು. ಒಂದು ದಿನ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಣ್ಣಿನ ಹಾಳೆ ಹಿಡಿದು ಹೋದೆ. ಬುಡದ ಹತ್ತಿರ ಬಿರುಕುಗಳು ಆಳವಾಗಿದ್ದವು. ಕೂತು, ಅಂಗೈಯಿಂದ ಮಣ್ಣನ್ನು ಒತ್ತುತ್ತಿದ್ದೆ.

"ಯಾರಯ್ಯಾ ಅದು? ಮರಕ್ಕೆ ಏನ್ ಮೆತ್ತುತಾ ಇದೀಯಾ?"

ಪಕ್ಕದ ಮನೆಯ ಮೆಟ್ಟಿಲಿಳಿದು ಒಬ್ಬ ಮುದುಕಿ ಬಂದರು. ಎಪ್ಪತ್ತೈದು ಇರಬಹುದು. ಈ ಓಣಿ ರಾಗಿ ಹೊಲವಾಗಿದ್ದ ಕಾಲದಿಂದ ಅವರದೇ ಜಾಗ ಇದು ಎಂದು ಆಮೇಲೆ ತಿಳಿಯಿತು.

"ಅಚ್ಚು ತಗೋತಿದೀನಮ್ಮಾ. ಬರೀ ಮಣ್ಣು. ಮರಕ್ಕೇನೂ ಆಗಲ್ಲ."

"ಯಾವ ಬಿಲ್ಡರ್ ಕಳಿಸಿದ್ದು ನಿನ್ನ? ತೆಗಿ ಮೊದ್ಲು."

ಗಲಾಟೆ ಕೇಳಿ ಅವರ ಕಿರಿಯ ಮಗ ಬಂದ. ನಲವತ್ತರ ಆಸುಪಾಸಿನವನು. ಏನೂ ಕೇಳದೆ ಮೊಬೈಲ್ ಎತ್ತಿ ನನ್ನ ಫೋಟೋ ಹಿಡಿದ. "ಸುಮ್ನೆ ರೆಕಾರ್ಡ್‌ಗೆ ಸಾರ್" ಎಂದ. ನಾನು ಹಾಳೆಯನ್ನು ಬಿಡಿಸಿಕೊಂಡು, ಹಲಗೆಯ ಮೇಲೆ ಬೋರಲಾಗಿಟ್ಟು, ಕಳ್ಳನ ಹಾಗೆ ಅಲ್ಲಿಂದ ಹೊರಟೆ.

ಸ್ಟುಡಿಯೋಗೆ ಹೋಗಿ ಅದನ್ನು ತಿರುಗಿಸಿ ನೋಡಿದಾಗ ಆಶ್ಚರ್ಯವಾಯಿತು. ತೊಗಟೆಯ ಏರುತಗ್ಗಿನ ನಡುವೆ ಐದು ಗೂಟಗಳು ಎದ್ದು ನಿಂತಿದ್ದವು. ಕಿರುಬೆರಳಿನ ದಪ್ಪ, ಅರ್ಧ ಇಂಚು ಉದ್ದ, ಎಲ್ಲವೂ ಒಂದೇ ಓರೆ. ಮರದಲ್ಲಿದ್ದ ತೂತಿಗೆ ಮಣ್ಣು ಹೊಕ್ಕು ಹೀಗೆ ಬಂದಿತ್ತು. ಕನ್ನಡಕವಿಲ್ಲದ ನನ್ನ ಕಣ್ಣಿಗೆ ಬಿರುಕಿನೊಳಗಿನ ತೂತು ಕಂಡಿರಲಿಲ್ಲ.

"ಹುಳ ಕೊರೆದಿರಬಹುದು ಅಂಕಲ್" ಎಂದರು ಟೀಚರ್.

ಹುಳ ಅಂತರ ಅಳೆದು ಕೊರೆಯುವುದಿಲ್ಲ. ಡ್ರಿಲ್ಲಿನ ತೂತು ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೂಟಗಳ ತುದಿಗೆ ಕಂದು ಬಣ್ಣದ ಏನೋ ಅಂಟಿಕೊಂಡಿತ್ತು. ಮೂಸಿದರೆ ಮೂಗು ಉರಿಯಿತು. ತೂತಿನಲ್ಲಿ ವಿಷ ಸುರಿದು ಮರವನ್ನು ಒಳಗಿಂದ ಸಾಯಿಸಿ, ಒಣಗಿದೆ ಎಂದು ಕಡಿಯಲು ಅನುಮತಿ ತೆಗೆದುಕೊಳ್ಳುವವರ ವಿಷಯ ಕೇಳಿದ್ದೆ. ನನ್ನ ಅನುಮಾನ ನೆಟ್ಟಗೆ ಆ ಮಗನ ಮೇಲೆ ಹೋಯಿತು. ತಪ್ಪನ್ನು ಬೇರೆಯವರ ಮೇಲೆ ಹಾಕುವುದಕ್ಕಲ್ಲದೆ ಅವನು ನನ್ನ ಫೋಟೋ ಯಾಕೆ ಹಿಡಿಯಬೇಕಿತ್ತು?

ಗೂಟಗಳು ದಪ್ಪವಾದ್ದರಿಂದ ಪೂರ್ತಿ ಒಣಗದೆ ಸುಟ್ಟರೆ ಸಿಡಿಯುತ್ತವೆ, ಒಂದು ತಿಂಗಳು ಬಿಡಿ ಎಂದರು ಟೀಚರ್. ಹಾಳೆಯನ್ನು ಕಪಾಟಿನಲ್ಲಿಟ್ಟೆ. ಮೊಬೈಲಿನಲ್ಲಿ ಎರಡು ಫೋಟೋ ತೆಗೆದುಕೊಂಡೆ. ದಿನವೂ ಅದೇ ಓಣಿಯಲ್ಲಿ ನಡೆಯತೊಡಗಿದೆ. ಆ ಮಗ ಗೇಟಿನಲ್ಲಿ ನಿಂತಿದ್ದರೆ ನಾನು ಅವನನ್ನು ನೋಡುತ್ತಿದ್ದೆ, ಅವನು ನನ್ನನ್ನು ನೋಡುತ್ತಿದ್ದ. ಮೂರನೆಯ ವಾರಕ್ಕೆ ಮರದ ಒಂದು ಬದಿ ಹಳದಿಯಾಯಿತು. ಅಲ್ಲಿಯ ಟೀ ಅಂಗಡಿಯವನು ಲೋಟ ಕೊಡುತ್ತಾ ದನಿ ಇಳಿಸಿ ಹೇಳಿದ:

"ಸಾರ್, ಏರಿಯಾ ಗ್ರೂಪಲ್ಲಿ ನಿಮ್ ಫೋಟೋ ಬಂದಿದೆ. ಮಣ್ಣಲ್ಲಿ ಏನೋ ಕೆಮಿಕಲ್ ಕಲಸಿ ಮೆತ್ತಿದ್ರಂತೆ ಹೌದಾ?"

ಸುತ್ತ ನಿಂತವರು ಟೀ ಕುಡಿಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಮಾರನೆಯ ದಿನ ಹಾಳೆಯನ್ನು ಸ್ಟುಡಿಯೋದಿಂದ ತಂದು, ಆಟೋ ಹಿಡಿದು, ನೇರ ಅವರ ಮನೆಗೆ ಹೋದೆ. ಮಗನ ಮುಖಕ್ಕೇ ಹಿಡಿಯಬೇಕು ಎಂದುಕೊಂಡಿದ್ದೆ. ಅವನು ಇರಲಿಲ್ಲ. ಮುದುಕಿ ಒಬ್ಬರೇ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು.

"ಅಮ್ಮಾ, ನಿಮ್ಮ ಮರಕ್ಕೆ ನಾನೇನೂ ಮಾಡಿಲ್ಲ. ಇದು ನೋಡಿ. ನಾನು ಮಣ್ಣು ಒತ್ತೋಕ್ ಮುಂಚೇನೇ ಯಾರೋ ತೂತು ಕೊರೆದಿದ್ರು. ನಿಮ್ಮ ಮಗನ್ನ ಒಂದು ಮಾತು ಕೇಳಿ."

ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದೊಂದು ಗೂಟವನ್ನೂ ಮುಟ್ಟಿದರು. ಮನೆಯ ಬಾಗಿಲ ಕಡೆ ಒಮ್ಮೆ ನೋಡಿದರು.

"ಅವನನ್ನ ಕೇಳ್ಬೇಡ. ಮಾಡಿಸಿದ್ದು ನಾನು."

ನಾನು ತಪ್ಪು ಕೇಳಿಸಿಕೊಂಡೆ ಎಂದುಕೊಂಡೆ.

"ನಮ್ಮತ್ತೆ ನೆಟ್ಟಿದ್ ಮರ. ಈಗ ಅದು ಸರಿಯಾಗಿ ನನ್ನ ಇಬ್ಬರು ಗಂಡುಮಕ್ಕಳ ಪಾಲಿನ ಗೆರೆ ಮೇಲೆ ನಿಂತದೆ. ಮರ ಉಳಿದ್ರೆ ಒಬ್ಬನಿಗೆ ಜಾಗ ಕಡಿಮೆ. ಕಡೀರೋ ಅಂದ್ರೆ, ಅಜ್ಜಿ ಮರ ಕಡಿದ ಪಾಪ ನಂಗ್ ಬೇಡ ಅಂತ ದೊಡ್ಡೋನು ಚಿಕ್ಕೋನ್ ಮೇಲೆ ಹಾಕ್ತಾನೆ, ಚಿಕ್ಕೋನು ದೊಡ್ಡೋನ್ ಮೇಲೆ. ಒಂದು ವರ್ಷದಿಂದ ಮಾತಿಲ್ಲ ಅವರಿಗೆ. ತಾನಾಗೇ ಒಣಗೋಯ್ತು ಅಂದ್ರೆ ಯಾರ ತಲೆ ಮೇಲೂ ಬರಲ್ಲ."

"ನನ್ನ ತಲೆ ಮೇಲೆ ಬಂತಲ್ಲಮ್ಮಾ."

"ನೀನು ಹೊರಗಿನೋನು. ನಾಲ್ಕು ದಿನ ಮಾತಾಡ್ತಾರೆ, ಬಿಡ್ತಾರೆ."

ಸಿಟ್ಟು ಬಂತು. ಕಂಪ್ಲೇಂಟ್ ಕೊಡುತ್ತೇನೆ ಎಂದೆ. ಅವರು ಹೆದರಲಿಲ್ಲ. "ಕೊಡು. ನಾಳೆ ಮಕ್ಕಳಿಬ್ಬರೂ ಕೋರ್ಟ್ ಮೆಟ್ಟಿಲು ಹತ್ತಲಿ" ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಆ ಬೆರಳುಗಳು ಕಾಯಿಯ ಸಿಪ್ಪೆಯನ್ನು ಬಿಡಿಸಲಾಗದೆ ತಡವರಿಸುತ್ತಿದ್ದವು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ಅವರೇ ಹೇಳಿದರು: "ಅದನ್ನ ಒಡೆದು ಹಾಕು."

"ಒಡೆಯೋದು ಬೇಡ. ಇನ್ನೂ ಸುಟ್ಟಿಲ್ಲ. ನೀರಿಗೆ ಹಾಕಿದ್ರೆ ಸಾಕು."

"ಇಲ್ಲೇ ಹಾಕು. ನನ್ನ ಕಣ್ಣೆದುರಿಗೇ."

ಒಂದು ಬಕೆಟ್ ನೀರು ತಂದಿಟ್ಟರು. ಒಣ ಹಾಳೆ ಮುಳುಗುತ್ತಲೇ ಸಣ್ಣ ಗುಳ್ಳೆಗಳನ್ನು ಬಿಡತೊಡಗಿತು. ಮೊದಲು ಅಂಚು ಕರಗಿತು, ಆಮೇಲೆ ಬಿರುಕುಗಳು, ಕೊನೆಗೆ ಗೂಟಗಳು. ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ನೀರು ರಾಡಿಯಾದ ಮೇಲೂ ಅವರು ಕೈ ಇಳಿಸಿ ತಳವನ್ನು ತಡಕಿದರು.

"ಬೇರೆ ಅಚ್ಚು ಇಲ್ಲ ತಾನೇ? ಫೋನಲ್ಲಿ ಹಿಡ್ಕೊಂಡಿಲ್ಲ ತಾನೇ?"

"ಇಲ್ಲಮ್ಮಾ" ಎಂದೆ. ಯಾಕೆ ಸುಳ್ಳು ಹೇಳಿದೆನೋ ನನಗೇ ಗೊತ್ತಿಲ್ಲ. ಅವರು ನನ್ನ ಜೇಬಿನ ಕಡೆ ನೋಡಿದರು.

ನಾನು ಕಂಪ್ಲೇಂಟ್ ಕೊಡಲಿಲ್ಲ. ತಪ್ಪು ಮಾಡಿದೆನೇನೋ ಎಂದು ಇವತ್ತಿಗೂ ಅನ್ನಿಸುತ್ತದೆ. ಮಳೆಗಾಲಕ್ಕೆ ಮೊದಲೇ ಮರ ಪೂರ್ತಿ ಒಣಗಿತು. ಪಾಲಿಕೆಯವರು ಯಾರೋ ಬಂದು ನೋಡಿ ಬರೆದುಕೊಂಡು ಹೋದರು; ಎರಡು ದಿನ ಗರಗಸದ ಸದ್ದು ಓಣಿಯೆಲ್ಲ ತುಂಬಿತು. ಅಣ್ಣತಮ್ಮಂದಿರು ಒಟ್ಟಿಗೆ ನಿಂತು ಮರ ಉರುಳಿಸಿದರಂತೆ, ಟೀ ಅಂಗಡಿಯವನು ಹೇಳಿದ. ಗ್ರೂಪಿನಲ್ಲಿ ನನ್ನ ಫೋಟೋ ಎಲ್ಲೋ ಕೆಳಗೆ ಹೂತುಹೋಯಿತು.

ಕಿರಿಯ ಮಗನ ಮನೆ ಎದ್ದಿತು. ಗೃಹಪ್ರವೇಶಕ್ಕೆ ನನ್ನನ್ನೂ ಕರೆದ. "ಅವತ್ತು ಸುಮ್ಸುಮ್ನೆ ನಿಮ್ಮನ್ನ ಡೌಟ್ ಪಟ್ಬಿಟ್ಟೆ ಸಾರ್, ಮರ ತಾನಾಗೇ ಒಣಗಿದ್ದಂತೆ, ಬೇಜಾರ್ ಮಾಡ್ಕೋಬೇಡಿ" ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಅವನನ್ನು ಅನುಮಾನಿಸಿದ್ದಕ್ಕೆ ನಾನು ಕ್ಷಮೆ ಕೇಳುವ ಹಾಗೂ ಇರಲಿಲ್ಲ.

ಊಟಕ್ಕೆ ಕೂತಾಗ ಮುದುಕಿಯೇ ಪಾಯಸದ ಪಾತ್ರೆ ಹಿಡಿದು ಬಂದರು. ಬಡಿಸಿ ಮುಂದಿನ ಎಲೆಗೆ ಹೋಗಲಿಲ್ಲ. ನನ್ನ ಎದುರೇ ನಿಂತು, ಬಗ್ಗಿ, ಮೆಲ್ಲಗೆ ಕೇಳಿದರು:

"ನಿಮ್ ಮಣ್ಣಿನ ಕ್ಲಾಸಿಗೆ ಈ ಕಡೆಯೋರು ಯಾರಾದ್ರೂ ಬರ್ತಾರಾ? ಆ ಅಚ್ಚು ನೋಡಿದೋರು?"

"ಇಲ್ಲಮ್ಮಾ. ಯಾರೂ ಇಲ್ಲ."

"ಹೂಂ" ಎಂದು ಇನ್ನೊಂದು ಸೌಟು ಹಾಕಿ, ನಾನು ಉಂಡು ಏಳುವವರೆಗೂ ಅಲ್ಲೇ ನಿಂತಿದ್ದರು.