ಕಣ್ಣು ನನ್ನದು, ನೆಲ ಅವನದು

ನನ್ನ ವೃತ್ತಿಯಲ್ಲಿ ಒಂದು ಸುಖವಿದೆ. ನಾನು ಮಾತಾಡುವಾಗ ಎದುರಿಗಿರುವವರು ಮರುಮಾತಾಡುವುದಿಲ್ಲ. ಸೇಡಂನಲ್ಲಿ ನಾನು ಹಲ್ಲಿನ ಡಾಕ್ಟರು. ಕುರ್ಚಿಯಲ್ಲಿ ಅಂಗಾತ ಮಲಗಿ, ಬಾಯಿ ತುಂಬ ಹತ್ತಿ ಇಟ್ಟುಕೊಂಡು, ಮೇಲಿನ ದೀಪವನ್ನೇ ದಿಟ್ಟಿಸುವ ಮನುಷ್ಯ ನಾನು ಮಳೆಯ ಬಗ್ಗೆ ಹೇಳಿದರೂ ರಾಜಕೀಯದ ಬಗ್ಗೆ ಹೇಳಿದರೂ "ಹಾಂ" ಎನ್ನುತ್ತಾನೆ. ಹೀಗಾಗಿ ನನ್ನ ಅಭಿಪ್ರಾಯಗಳನ್ನು ಈ ತಾಲೂಕಿನಲ್ಲಿ ಯಾರೂ ಅಲ್ಲಗಳೆದದ್ದಿಲ್ಲ. ಇಂಥ ಸುಖಕ್ಕೆ ಒಗ್ಗಿದವನು ಒಂದಲ್ಲ ಒಂದು ದಿನ ಪ್ರಬಂಧ ಬರೆಯಲು ಕೂರುವುದು ಸಹಜವೇ. ಸದ್ಯ ನೀವೂ ಬಾಯಿ ಬಿಡುವ ಹಾಗಿಲ್ಲ.

ಆದರೆ ಒಂದು ಸಂಗತಿಯನ್ನು ಮಾತ್ರ ಆ ಕುರ್ಚಿಯ ಮುಂದೆಯೂ ನಾನು ಬಹಳ ಕಾಲ ಹೇಳಿರಲಿಲ್ಲ. ನಾನು ಸೈನಿಕರಿಗೆ ಬಣ್ಣ ಹಚ್ಚುತ್ತೇನೆ. ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತರದ ಸೈನಿಕರು. ಕಾಲಾಳುಗಳು, ಕುದುರೆ ಸವಾರರು, ಆನೆಯ ಮೇಲೆ ಕೂತವರು. ಹೈದರಾಬಾದಿನಲ್ಲಿ ಒಬ್ಬರು ಇವನ್ನು ಯಂತ್ರದಲ್ಲಿ ಅಚ್ಚು ತೆಗೆದು ಕಳಿಸುತ್ತಾರೆ. ಬಣ್ಣವಾದ ಮೇಲೆ ಇಬ್ಬರು ಎದುರುಬದುರು ಕೂತು, ಮೇಜಿನ ಮೇಲೆ ಸೈನ್ಯ ಹೂಡಿ, ಅಳತೆಪಟ್ಟಿ ಹಿಡಿದು ಅವನ್ನು ನಡೆಸಿ, ದಾಳ ಉರುಳಿಸಿ ಯುದ್ಧ ಮಾಡಬೇಕು. ಐವತ್ತು ದಾಟಿದ ಮನುಷ್ಯ ಇದನ್ನು ಯಾವ ಬಾಯಿಂದ ಹೇಳಿಕೊಳ್ಳಬೇಕು? ನಮ್ಮ ಗುಂಡು ಕಾಕಾ, ಅಂದರೆ ನನ್ನ ತಂದೆಯ ತಮ್ಮ, ಗುಡಿಯ ಪೂಜೆ ನೋಡಿಕೊಳ್ಳುವವರು, ಮೊದಲ ಸಲ ನೋಡಿದಾಗಲೇ "ಕೆಲಸಿಲ್ಲದ ಬಡಿಗ ಮಗನ ಮುಕಳಿ ಕೆತ್ತಿದನಂತ" ಎಂದು ಮುಗಿಸಿಬಿಟ್ಟರು.

ಕಾಕಾ ಹೇಳಿದಷ್ಟು ಸುಲಭದ ಕೆಲಸವೇನೂ ಅಲ್ಲ ಇದು. ಮೊದಲು ಅಚ್ಚಿನ ಅಂಚುಗಳನ್ನು ಕೆರೆಯಬೇಕು; ಅದಕ್ಕೆ ನನ್ನ ಹಲ್ಲು ಕೆರೆಯುವ ಸಲಾಕೆಗಳೇ ಸಾಕು. ಆಮೇಲೆ ಮೈತುಂಬ ಒಂದು ಬೂದುಬಣ್ಣದ ಲೇಪ ಕೊಡಬೇಕು, ಇಲ್ಲದಿದ್ದರೆ ಮೇಲಿನ ಬಣ್ಣ ಹಿಡಿಯುವುದಿಲ್ಲ. ಸಿಮೆಂಟ್ ಕಾರ್ಖಾನೆಯ ವಾಡಿಯಲ್ಲಿ ಹುಟ್ಟಿದವರಿಗೆ ಈ ಲೇಪ ಪುಕ್ಕಟೆ ಸಿಗುತ್ತದೆ. ಅಲ್ಲಿಯ ಬೇವಿನ ಮರಕ್ಕೂ, ಮರದ ಕೆಳಗೆ ಕಟ್ಟಿದ ಎಮ್ಮೆಗೂ ಅದು ಆಗಿಯೇ ಇರುತ್ತದೆ. ನಂತರ ಮೈಚರ್ಮ, ಬಟ್ಟೆ, ಕಬ್ಬಿಣ, ತೊಗಲಿನ ಪಟ್ಟಿ. ಕಟ್ಟಕಡೆಗೆ ಕಣ್ಣು.

ಕಣ್ಣೇ ಇದರಲ್ಲಿ ಎಲ್ಲಾ. ಗುಡಿಯ ಮೂರ್ತಿಗೂ ಕಣ್ಣು ತೆರೆಸುವುದು ಕೊನೆಗೆ, ಅಲ್ಲಿಯತನಕ ಅದು ಬರೀ ಕಲ್ಲು. ಚದುರಂಗ ಹುಟ್ಟಿದ್ದು ನಮ್ಮಲ್ಲೇ, ಆನೆ ಕುದುರೆ ರಥ ಕಾಲಾಳು ಎಲ್ಲ ಅದರಲ್ಲೂ ಇವೆ. ಆದರೆ ಚದುರಂಗದ ಕಾಯಿಗೆ ಕಣ್ಣಿಲ್ಲ. ಅದಕ್ಕೇ ಅದನ್ನು ಹೊಡೆದು ಡಬ್ಬಿಗೆ ಎಸೆಯಲು ಯಾರಿಗೂ ಏನೂ ಅನ್ನಿಸುವುದಿಲ್ಲ. ಕಣ್ಣು ಬರೆದ ಸೈನಿಕನನ್ನು ಮೇಜಿನಿಂದ ಎತ್ತುವಾಗ ಅವನು ನಿಮ್ಮನ್ನೇ ನೋಡುತ್ತಾನೆ. ಎರಡು ಬಿಳಿ ಗೆರೆ, ಅದರ ಮೇಲೆ ಎರಡು ಕಪ್ಪು ಚುಕ್ಕಿ. ಉಸಿರು ಬಿಗಿಹಿಡಿದು ಕುಂಚದ ಒಂದೇ ಕೂದಲಿನ ತುದಿಯಿಂದ ಮುಟ್ಟಬೇಕು. ಕೈ ತುಸು ಜಾರಿದರೆ ಶೂರ ಮೆಳ್ಳಗಣ್ಣನಾಗುತ್ತಾನೆ. ದವಡೆಯ ಮೂಲೆಯಲ್ಲಿ ಕೈಯಾಡಿಸಿ ಪಳಗಿದ ನನಗೆ, ಹಣೆಗೆ ಕಟ್ಟಿಕೊಳ್ಳುವ ಭೂತಗನ್ನಡಿಯೂ ಇರುವುದರಿಂದ, ಇದು ಒಲಿದಿತ್ತು. ಇಷ್ಟು ಜಂಬ ಕೊಚ್ಚಿಕೊಳ್ಳಲು ನನಗೆ ಅವಕಾಶ ಕೊಡಿ, ಮುಂದೆ ಅದೂ ಉಳಿಯುವುದಿಲ್ಲ.

ನನ್ನ ಎದುರಾಳಿ ಮುಸ್ತಾಕ್. ಚಿತ್ತಾಪುರದ ಹೈಸ್ಕೂಲಿನಲ್ಲಿ ನನ್ನ ಹಿಂದಿನ ಬೆಂಚಿನವನು. ಹುಟ್ಟಿದ್ದು ಮಳಖೇಡದಲ್ಲಿ, ಈಗ ಶಹಾಬಾದದಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇಟ್ಟಿದ್ದಾನೆ. ದೊಡ್ಡ ದನಿ, ದೊಡ್ಡ ಹೊಟ್ಟೆ, ಅಷ್ಟೇ ದೊಡ್ಡ ಸುಳ್ಳುಗಾರ. ಒಮ್ಮೆ ಹಲ್ಲು ಕೀಳಿಸಲು ಬಂದವನು ಕಿಟಕಿಯಲ್ಲಿ ಕಟ್ಟುಹಲ್ಲುಗಳ ಪಕ್ಕ ಒಣಗುತ್ತಿದ್ದ ಕುದುರೆ ಸವಾರನನ್ನು ನೋಡಿ, ಬಾಯಿಂದ ಹತ್ತಿ ಉಗುಳಿ, "ಲೇ ಹಲ್ಲಿನ ಡಾಕ್ಟರಾ, ಇಂಥಾದ್ದು ಮನ್ಯಾಗ ಇಟಗೊಂಡು ಇಷ್ಟು ದಿನಾ ನಂಗ ಹೇಳಿಲ್ಲಲ್ಲೋ!" ಎಂದ. ಆ ಕುರ್ಚಿಯಿಂದ ನನಗೆ ಮರುಮಾತು ಕೊಟ್ಟವನು ಅವನೊಬ್ಬನೇ.

ಮುಂದಿನ ವಾರವೇ ಅವನ ಕಾರ್ಖಾನೆಯಿಂದ ಒಂದು ದೊಡ್ಡ ಫರ್ಸಿಕಲ್ಲು, ಅಂದರೆ ಶಹಾಬಾದದ ಹಾಸುಗಲ್ಲು, ಬಂತು. ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ ಅದನ್ನೇ ಮೇಜು ಮಾಡಿದೆವು. ಸೈನ್ಯ ಆರಿಸಿಕೊಳ್ಳುವಾಗ ಅವನು ಕ್ಷಣವೂ ಯೋಚಿಸದೆ ಮಳಖೇಡದ ಅರಸರ ಸೈನ್ಯ ಹಿಡಿದ. "ನಮ್ಮೂರ ರಾಜಾ ಅವರು. ನಾ ಬ್ಯಾರೆ ಯಾರ ಕಡಿ ನಿಂದರ್ಲಿ?" ಎಂಬುದು ಅವನ ವಾದ. ನಾನು ಕಲಬುರಗಿ ಕೋಟೆಯ ಸುಲ್ತಾನರ ಸೈನ್ಯ ತೆಗೆದುಕೊಂಡೆ. ಕಾರಣ ಬರೀ ಕುದುರೆಗಳು. ಅವುಗಳ ಬೆನ್ನಿಗೆ ಹೊದಿಸುವ ಆ ಹಸಿರು ಝೂಲು, ಅದರ ಜರಿ ಅಂಚು ಬಣ್ಣ ಹಚ್ಚುವವನ ಕೈಗೆ ಹಬ್ಬ. ಇವೆರಡು ಸೈನ್ಯಗಳ ನಡುವೆ ನಾಲ್ಕಾರು ಶತಮಾನದ ಅಂತರವಿದೆ ಎಂದು ನಾನು ಇತಿಹಾಸ ಹೇಳಿದೆ. "ನಮ್ಮ ಪ್ಯಾಸೆಂಜರ್ ಗಾಡಿ ಅಷ್ಟು ಲೇಟ್ ಬರೂದಿಲ್ಲೇನು? ಬರ್ತಾರ ತಗೋ" ಎಂದ.

ಅವನ ದಪ್ಪ ಬೆರಳುಗಳಿಗೆ ಕಣ್ಣು ಬರೆಯುವುದು ಬರಲಿಲ್ಲ. ಅವನ ಮೊದಲ ಸೇನಾಪತಿಯ ಎರಡು ಕಣ್ಣೂ ಒಂದೇ ಕಡೆ ಸೇರಿಕೊಂಡವು. "ಇರ್ಲಿ ಬಿಡು, ಇಂವ ಮೂಗಿನಿಂದ ನೋಡ್ತಾನ" ಎಂದು ನಕ್ಕ. ಅಂದಿನಿಂದ ಎರಡೂ ಸೈನ್ಯದ ಕಣ್ಣು ನನ್ನ ಪಾಲಿಗೆ ಬಂದವು, ಎರಡೂ ಸೈನ್ಯದ ನೆಲ ಅವನ ಪಾಲಿಗೆ ಹೋಯಿತು. ಈ ಗೊಂಬೆಗಳು ತಾವಾಗಿ ನಿಲ್ಲುವುದಿಲ್ಲ. ಹಳೆಯ ಪಾವಲಿ ನಾಣ್ಯದಷ್ಟಗಲದ ಬಿಲ್ಲೆಯ ಮೇಲೆ ಮಣ್ಣು ಮೆತ್ತಿ, ಅದರಲ್ಲಿ ಪಾದ ಊರಿಸಿ ಒಣಗಿಸಬೇಕು. ಮುಸ್ತಾಕ್ ಅದಕ್ಕೆ ಊರೂರು ತಿರುಗಿದ. ಕುರಕುಂಟಾದ ತೊಗರಿ ಹೊಲದ ಕರಿಮಣ್ಣು, ಚಿಂಚೋಳಿ ಕಾಡಿನ ದಾರಿಯ ಕೆಂಪು ಮುರುಮು ಮಣ್ಣು, ತನ್ನ ಕಾರ್ಖಾನೆಯ ಕಲ್ಲುಪುಡಿ, ಎಲ್ಲ ತಂದ. ಏನೋ ಅಂಟು ಕಲಸುತ್ತಿದ್ದ, ಏನೆಂದು ಹೇಳುತ್ತಿರಲಿಲ್ಲ. ಅವನು ಊರಿದ ಸೈನಿಕ ಫ್ಯಾನಿನ ಗಾಳಿಗೂ ಅಲುಗುತ್ತಿರಲಿಲ್ಲ.

ಆಟದಲ್ಲಿ ಅವನು ಮೋಸ ಮಾಡುತ್ತಿದ್ದ. ದಾಳ ಮೇಜಿನಿಂದ ಕೆಳಗೆ ಬಿದ್ದರೆ ಮತ್ತೆ ಉರುಳಿಸಬೇಕು ಎಂಬುದು ಪ್ರಪಂಚವೆಲ್ಲ ಒಪ್ಪಿದ ನಿಯಮ. ಒಳ್ಳೆಯ ಅಂಕಿ ಬಿದ್ದಾಗ ಮಾತ್ರ ಅವನು ಒಪ್ಪುತ್ತಿರಲಿಲ್ಲ. "ಮ್ಯಾಲೂ ಶಾಬಾದಿ ಕಲ್ಲು, ತಳಗೂ ಶಾಬಾದಿ ಕಲ್ಲು. ದಾಳ ಎಲ್ಲಿಗಿ ಹೋತೋ? ಕಲ್ಲಿನ ಮ್ಯಾಲೇ ಅದ!" ಎಂದು ನೆಲದ ಫರ್ಸಿಗೆ ಅಂಗೈ ಬಡಿದು ಕೂಗುವವನು. ನಾನೂ ಕೂಗುತ್ತಿದ್ದೆ. ಕೆಳಗೆ ಹಲ್ಲುನೋವಿನವರು ಗಾಬರಿಯಾಗುತ್ತಿದ್ದರು. ನನ್ನ ಹೆಂಡತಿ ಸುಧಾ ಚಹಾ ತಂದು, "ಇನ್ನೂ ಯಾರೂ ಸತ್ತಿಲ್ಲೇನ್ರಿ?" ಎಂದು ಕೇಳುತ್ತಿದ್ದಳು. ಆ ಭಾನುವಾರಗಳಷ್ಟು ಸಂತೋಷ ನನಗೆ ಮತ್ತಾವುದರಲ್ಲೂ ಸಿಕ್ಕಿಲ್ಲ. ಇದನ್ನು ಹೆಂಡತಿಯ ಮುಂದೆಯೇ ಹೇಳಿದ್ದೇನೆ, ಆಕೆ ಬೇಸರಿಸಿಕೊಂಡಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಸುದ್ದಿ ಹಬ್ಬಿತು. ನನ್ನಲ್ಲಿ ಹಲ್ಲು ಕಟ್ಟಿಸಿಕೊಂಡ ಒಬ್ಬ ಹೆಡ್‌ಮಾಸ್ತರರು, ತಮ್ಮ ಶಾಲೆಯ ಪ್ರದರ್ಶನದಲ್ಲಿ ಈ ಆಟ ಆಡಿ ತೋರಿಸಿ, ಮಕ್ಕಳಿಗೆ ಇತಿಹಾಸದ ರುಚಿ ಹತ್ತಲಿ ಎಂದು ಗಂಟುಬಿದ್ದರು. ನಾವಿಬ್ಬರೂ ಉಬ್ಬಿಹೋದೆವು. ಮಕ್ಕಳು ಮುತ್ತಿಕೊಂಡು ಆನೆಗಳನ್ನು ನೋಡಿ ಕಿರುಚಿದವು. ಅವತ್ತು ಮುಸ್ತಾಕನ ದಾಳ ಕೈಕೊಟ್ಟಿತು. ನನ್ನ ಹಸಿರು ಝೂಲಿನ ಕುದುರೆಗಳು ಅವನ ಮಳಖೇಡದ ಸಾಲನ್ನು ಸೀಳಿದವು, ಮಕ್ಕಳು ಚಪ್ಪಾಳೆ ಹೊಡೆದವು. ಯಾರೋ ಒಬ್ಬರು ಅಷ್ಟನ್ನು ಮಾತ್ರ ಮೊಬೈಲಿನಲ್ಲಿ ಹಿಡಿದು, ಸುಲ್ತಾನರು ಮಳಖೇಡ ಮುರಿದದ್ದಕ್ಕೆ ನಮ್ಮ ಮಕ್ಕಳಿಂದ ಚಪ್ಪಾಳೆ ಹೊಡೆಸಿದರು ಎಂದು ಬರೆದು ಹಂಚಿಬಿಟ್ಟರು.

ಆಮೇಲೆ ಹಿತೈಷಿಗಳು ಬಂದರು. ಈ ಜಾತಿಯ ಜನ ಹಲ್ಲು ನೋಯದಿದ್ದರೂ ಕ್ಲಿನಿಕ್ಕಿಗೆ ಬರುತ್ತಾರೆ. "ಡಾಕ್ಟರ್ರ, ನೀವು ಇಂಥಾ ಮನೆತನದವರು, ಆ ಕಡಿ ಯಾಕ ನಿಂತ್ರಿ?" ಎಂದರು. ನಾನು ಕುದುರೆಯ ಬಣ್ಣದ ವಿಷಯ ಹೇಳಿದೆ. ಅವರು ನನ್ನ ಮುಖವನ್ನು ಕನಿಕರದಿಂದ ನೋಡಿದರು. ಅತ್ತ ಶಹಾಬಾದದಲ್ಲಿ ಮುಸ್ತಾಕನಿಗೂ ಅವನ ಹಿತೈಷಿಗಳಿದ್ದರು. ಅವರ ರಾಜನ ವೇಷ ನಿನಗೇಕೆ, ನಿನ್ನನ್ನು ನಿಲ್ಲಿಸಿ ಊರ ಮುಂದೆ ಸೋಲಿಸಿದರಲ್ಲ ಎಂದು ಅವರ ಮಾತು. ಇನ್ನು ಕೆಲವರು ಇನ್ನೂ ಆಳಕ್ಕೆ ಹೋಗಿ, ಅವನು ಬೇಕೆಂತಲೇ ಸೋತಿದ್ದಾನೆ ಎಂದು ಪತ್ತೆ ಹಚ್ಚಿದರು. ಆರು ಮುಖದ ದಾಳಕ್ಕೆ ಇಷ್ಟೆಲ್ಲ ಬುದ್ಧಿ ಇದ್ದದ್ದು ನಮಗೆ ಗೊತ್ತಿರಲಿಲ್ಲ. ನನಗೆ ಸಿಟ್ಟು ಬಂತು, ಈಗಲೂ ಇದೆ. ಬಾಯಿ ತೆರೆದು ಕುರ್ಚಿಯಲ್ಲಿ ಮಲಗಿದ ಎಲ್ಲರ ಹುಳುಕೂ ನೋಡಿದವನು ನಾನು. ಎರಡೂ ಕಡೆಯವರ ಹುಳುಕು ಒಂದೇ ಬಣ್ಣದ್ದು.

ರಾಜಿ ಮಾಡಿಸಿದವರು ಗುಂಡು ಕಾಕಾ. ಅವರಿಗೆ ಕೆಟ್ಟ ಮನಸ್ಸಿಲ್ಲ, ಅದೇ ಕಷ್ಟ. "ರಾಘೂ, ಇದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೋತೀಯೋ? ಸೈನ್ಯ ಅದಲಿಬದಲಿ ಮಾಡ್ಕೋರಿ. ನಮ್ಮವರು ನಮ್ಮ ಕಡಿ, ಅವರವರು ಅವರ ಕಡಿ. ಆಟನೂ ಉಳೀತು, ಮರ್ಯಾದಿನೂ ಉಳೀತು" ಎಂದರು. ಇದಕ್ಕಿಂತ ಸಲೀಸಾದ ಉಪಾಯ ಯಾರಿಗೆ ಹೊಳೆದೀತು? ನಾನು ಮುಸ್ತಾಕನಿಗೆ ಫೋನು ಮಾಡಿದೆ. ಅವನು "ಹೂಂ, ಹಂಗೇ ಮಾಡೂಣು" ಎಂದ.

ಆ ಭಾನುವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಒಂದು ಡಬ್ಬಿ ಜಿಲೇಬಿ ತಂದಿದ್ದ. ನನ್ನ ಕುದುರೆಗಳು ಅವನ ಕಡೆ ನಿಂತವು, ಅವನ ಊರಿನ ಅರಸ ನನ್ನ ಕಡೆ. ಆಟ ಶುರುವಾಯಿತು. ನಾನು ಅವನ ಸವಾರನೊಬ್ಬನನ್ನು ಹೊಡೆದಾಗ ಅಯ್ಯೋ ಎನ್ನಲು ಹೋಗಿ ತಡೆದುಕೊಂಡೆ. ನನ್ನ ಅಯ್ಯೋ ಯಾರ ಪರ ಎಂದು ನನಗೇ ಗೊತ್ತಾಗಲಿಲ್ಲ. ಅವನೂ ಗೆದ್ದಾಗ ಕೂಗಲಿಲ್ಲ. ಮಧ್ಯದಲ್ಲಿ ಅವನ ದಾಳ ಜಾರಿ ಕೆಳಗೆ ಬಿತ್ತು. ಇಬ್ಬರೂ ಬಗ್ಗಿ ನೋಡಿದೆವು. ಆರು ಬಿದ್ದಿತ್ತು. ನಾನು ಕಾದೆ. ಅವನು ನೆಲಕ್ಕೆ ಕೈ ಬಡಿಯಲಿ, ಮೇಲೂ ಶಾಬಾದಿ ತಳಗೂ ಶಾಬಾದಿ ಎಂದು ಅರಚಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಮುಸ್ತಾಕ್ ದಾಳ ಎತ್ತಿಕೊಂಡು, "ಕೆಳಗ ಬಿದ್ದದ ಅಲ್ರಿ, ಮತ್ತ ಹಾಕ್ತೀನಿ" ಎಂದು ಮತ್ತೆ ಉರುಳಿಸಿದ. ಎರಡು ಬಿತ್ತು.

ಅವತ್ತು ಯಾರೂ ಮೋಸ ಮಾಡಲಿಲ್ಲ. ಸುಧಾ ಚಹಾ ತಂದು ಏನೂ ಕೇಳದೆ ಇಟ್ಟು ಹೋದಳು. ಯಾರು ಗೆದ್ದೆವೋ ನೆನಪಿಲ್ಲ. ಹೊರಡುವಾಗ ಅವನು ಕುದುರೆಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ, ಅವು ತನ್ನವೇ ಎಂಬ ಹಾಗೆ ಜೋಪಾನವಾಗಿ ತೆಗೆದುಕೊಂಡು ಹೋದ. ಮುಂದಿನ ಭಾನುವಾರ ಅವನಿಗೆ ಕಾರ್ಖಾನೆಯಲ್ಲಿ ಕೆಲಸವಿತ್ತು. ಅದರ ಮುಂದಿನ ವಾರ ನನಗೆ ಕೆಲಸವಿತ್ತು. ಹೋದ ತಿಂಗಳು ವಾಡಿ ಸ್ಟೇಷನ್ನಿನಲ್ಲಿ ಸಿಕ್ಕಿದ್ದ. "ಆರಾಮ ಅದೀರಿ ಡಾಕ್ಟರ್ ಸಾಬ್? ಮನ್ಯಾಗ ಎಲ್ಲಾರೂ ಚಲೋ ಅದಾರ?" ಎಂದ. "ಆರಾಮ ಅದೀವ್ರಿ" ಎಂದೆ. ಅಷ್ಟರಲ್ಲಿ ಅವನ ಗಾಡಿ ಬಂತು, ಅಪರೂಪಕ್ಕೆ ಸರಿಯಾದ ಹೊತ್ತಿಗೆ.

ಕೈ ಸುಮ್ಮನಿರಬೇಕಲ್ಲ. ಮಳಖೇಡಕ್ಕೆ ಹೊಸ ಪಡೆ ತರಿಸಿದೆ. ಬಣ್ಣ ಹಚ್ಚಿದೆ, ಜೀವಮಾನದಲ್ಲಿ ಬರೆದಿರದಷ್ಟು ಚೆಂದದ ಕಣ್ಣು ಬರೆದೆ. ನೆಲಕ್ಕಾಗಿ ನಾನೇ ಕುರಕುಂಟಾದ ಕಡೆ ಹೋಗಿ ಕರಿಮಣ್ಣು ತಂದು, ಅಂಟಿನಲ್ಲಿ ಕಲಸಿ ಪಾದ ಊರಿಸಿದೆ. ಒಣಗಿದ ಮೇಲೆ ಮಣ್ಣು ಬೇಸಿಗೆಯ ಹೊಲದ ಹಾಗೆ ಬಿರಿಯಿತು, ಸೈನಿಕರು ಒಬ್ಬೊಬ್ಬರಾಗಿ ಕಳಚಿ ಬಿದ್ದರು. ಮುರುಮು ಹಾಕಿ ನೋಡಿದೆ, ಪುಡಿಯಾಯಿತು. ಕಲ್ಲುಪುಡಿ ಹಾಕಿದೆ, ಪಾದವನ್ನು ಹಿಡಿಯಲೇ ಇಲ್ಲ. "ಒಂದ್ ಫೋನ್ ಹಚ್ಚಿ ಕೇಳ್ರಲ್ಲಾ, ಏನ್ ಕಲಸ್ತಾರಂತ" ಎಂದಳು ಸುಧಾ. ಫೋನು ಕೈಗೆ ತೆಗೆದುಕೊಂಡೆ. ಅವನು ಥಟ್ಟನೆ, ವಿನಯದಿಂದ, ಎಲ್ಲವನ್ನೂ ಹೇಳಿಬಿಡುತ್ತಾನೆ ಎಂದು ಹೆದರಿಕೆಯಾಯಿತು. ಅಷ್ಟು ಸಲೀಸಾಗಿ ಹೇಳಿಬಿಟ್ಟರೆ ಅವನು ನನ್ನ ಮುಸ್ತಾಕ್ ಅಲ್ಲವೇ ಅಲ್ಲ. ಇಟ್ಟುಬಿಟ್ಟೆ.

ನಿನ್ನೆ ಗುಂಡು ಕಾಕಾ ಮೇಲಿನ ಕೋಣೆಗೆ ಬಂದಿದ್ದರು. ಫರ್ಸಿಯ ಮೇಲೆ ಹೊಸ ಪಡೆಯನ್ನು ಸಾಲಾಗಿ ಮಲಗಿಸಿದ್ದೆ. ಎಲ್ಲರೂ ಅಂಗಾತ, ಕಣ್ಣು ಅಗಲಿಸಿಕೊಂಡು, ನನ್ನ ಕುರ್ಚಿಯ ಮೇಲಿನ ರೋಗಿಗಳ ಹಾಗೆ ಮೇಲೆ ನೋಡುತ್ತಿದ್ದರು. ಕಾಕಾ ಖುಷಿಯಾದರು.

"ಈಗ ಚಂದಾತು ನೋಡು ರಾಘೂ. ಎಲ್ಲಾರೂ ತಮ್ಮ ತಮ್ಮ ಕಡಿ ಬಂದ್ರು." ಆಮೇಲೆ ಬಗ್ಗಿ ನೋಡಿ, "ಅಲ್ಲೋ, ಎಲ್ಲಾ ಯಾಕ ಮಲಗ್ಯಾವ?" ಎಂದರು.

"ಕಡಿ ಸರಿ ಆಗ್ಯದ ಕಾಕಾ," ಎಂದೆ. "ನಿಂದರಾಕ ಆಗವಲ್ದು, ಅಷ್ಟೇ."